ಪ್ರಣಯಕಥನದಲ್ಲಿ ಆಟವೂ ಓದೂ

೧

ಕಥೆಯನ್ನು ಓದುವುದು ಬೇರೆ, ಆಟವನ್ನು ಆಡುವುದು ಬೇರೆ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ರೂಢವಾಗಿದೆ. ಓದುವವನು ಕವಿ ಹಾಕಿಕೊಟ್ಟ ದಾರಿಯಲ್ಲಿ ನಡೆಯುತ್ತಾನೆ. ಆಡುವವನು ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುತ್ತಾನೆ. ಮೊದಲನೆಯವನಿಗೆ ಸೋಲು ಗೆಲವುಗಳ ಮಾತಿಲ್ಲ. ಎರಡನೆಯವನಿಗೆ ಅವು ಇಲ್ಲದೆ ಸ್ವಾರಸ್ಯವೇ ಇಲ್ಲ. ಈ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಿದ ಒಂದು ಪ್ರಕಾರವು ಜಪಾನ್ ದೇಶದಲ್ಲಿ ಹುಟ್ಟಿ ಇಂದು ಲೋಕದಲ್ಲೆಲ್ಲ ಹರಡಿಕೊಂಡಿದೆ. ಅದಕ್ಕೆ ವಿಷುಯಲ್ ನಾವೆಲ್ ಎಂದು ಹೆಸರು. ನಾವು ಅದನ್ನು ಈ ಲೇಖನದಲ್ಲಿ ದೃಶ್ಯಕಾದಂಬರಿ ಎಂದು ಕರೆಯುತ್ತೇವೆ.

ದೃಶ್ಯಕಾದಂಬರಿಯ ಸ್ವರೂಪ ಸರಳವಾದುದು. ಗಣಕಯಂತ್ರದ ಅಥವಾ ಮೊಬೈಲಿನ ಪರದೆಯ ಮೇಲೆ ಒಂದು ಸ್ಥಳದ ಚಿತ್ರವಿರುತ್ತದೆ, ಅದರ ಮುಂದೆ ಪಾತ್ರಗಳ ಚಿತ್ರಗಳು ನಿಂತಿರುತ್ತವೆ, ಕೆಳಗಿನ ಪಟ್ಟಿಯಲ್ಲಿ ಮಾತು ಸಾಲುಸಾಲಾಗಿ ಮೂಡುತ್ತದೆ, ಹಿನ್ನೆಲೆಯಲ್ಲಿ ಸಂಗೀತವಿರುತ್ತದೆ. ಓದುಗನು ಬೆರಳೊತ್ತಿದಂತೆ ಕಥೆ ಮುಂದೆ ಸಾಗುತ್ತದೆ. ನಡುನಡುವೆ ಕಥೆ ನಿಂತು, ನಾಯಕನು ಈಗ ಏನು ಹೇಳಬೇಕು, ಎಲ್ಲಿಗೆ ಹೋಗಬೇಕು ಎಂದು ಓದುಗನನ್ನೇ ಕೇಳುವುದೂ ಉಂಟು. ಅವನ ಆಯ್ಕೆಗೆ ತಕ್ಕಂತೆ ಕಥೆ ಬೇರೆ ಬೇರೆ ಮುಕ್ತಾಯಗಳನ್ನು ಸೇರುತ್ತದೆ. ಇಂಥ ಕೃತಿಗಳಲ್ಲಿ ಬಹುಸಂಖ್ಯೆಯವು ಪ್ರಣಯವನ್ನೇ ವಸ್ತುವಾಗಿ ಉಳ್ಳವು.

ಈ ಪ್ರಕಾರದ ಅಭಿಮಾನಿಗಳಲ್ಲಿ ಒಂದು ವಾದ ಮೊದಲಿನಿಂದಲೂ ನಡೆದುಬಂದಿದೆ. ಪ್ರಣಯಕಥನಕ್ಕೆ ಆಟದ ಕಟ್ಟಳೆಗಳು ಬೇಕೆ, ಇಲ್ಲವೆ ಅದು ಶುದ್ಧವಾದ ಓದಾಗಿ ಉಳಿಯುವುದೇ ಲೇಸೆ ಎಂಬುದೇ ಆ ವಾದ. ಆಟಗಾರನ ಕೈಯ ಕೆಲಸಕ್ಕೆ ಇಂಥದೇ ಫಲವೆಂದು ಗೊತ್ತುಪಡಿಸುವ ನಿಯಮಗಳನ್ನು ನಾವು ಇಲ್ಲಿ ಕಟ್ಟಳೆ ಎನ್ನುತ್ತೇವೆ. ವಾದವು ದೂರದೇಶದ್ದೆಂದು ತೋರಬಹುದು. ಆದರೆ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಈ ನಾಡಿನಲ್ಲಿ ಗಂಡುಹೆಣ್ಣುಗಳ ಒಲವನ್ನೂ ಜಗಳವನ್ನೂ ಆಟವಾಗಿ ಕಟ್ಟುವ ಸಂಪ್ರದಾಯಗಳು ಹಲವಾಗಿವೆ. ಕುಳಿತು ಕೇಳುವ ಪುರಾಣವಾಚನವೂ ಇದೆ. ಆದುದರಿಂದ ಹೊಸ ಪ್ರಕಾರದ ಪ್ರಶ್ನೆಯನ್ನು ಹಳೆಯ ಆಟಗಳ ಬೆಳಕಿನಲ್ಲಿ ವಿಚಾರಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ದೃಶ್ಯಕಾದಂಬರಿಯ ಇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ. ೧೯೮೩ರಲ್ಲಿ ಯೂಜಿ ಹೋರಿಯಿ ಎಂಬವರು ರಚಿಸಿದ ಪೋರ್ಟೋಪಿಯಾ ಎಂಬ ಪತ್ತೇದಾರಿ ಆಟವನ್ನು ಈ ಪ್ರಕಾರದ ಪೂರ್ವಜರಲ್ಲಿ ಒಂದೆಂದು ಎಣಿಸುವುದುಂಟು. ೧೯೯೨ರಲ್ಲಿ ಚುನ್‌ಸಾಫ್ಟ್ ಸಂಸ್ಥೆಯು ಒತೊಗಿರಿಸೋ ಎಂಬ ಕೃತಿಯನ್ನು ಪ್ರಕಟಿಸಿ, ಅದಕ್ಕೆ ನಾದಕಾದಂಬರಿ ಎಂಬರ್ಥದ ಹೆಸರನ್ನು ಕೊಟ್ಟಿತು. ಓದುವುದೇ ಅಲ್ಲಿ ಮುಖ್ಯ. ಅಲ್ಲಲ್ಲಿ ಬರುವ ಆಯ್ಕೆಗಳು ಓದನ್ನು ಕವಲೊಡೆಸುತ್ತವೆ. ೧೯೯೬ರಲ್ಲಿ ಲೀಫ್ ಸಂಸ್ಥೆಯು ಇದೇ ಜಾಡನ್ನು ಹಿಡಿದು ಶಿಝುಕು ಎಂಬ ಕೃತಿಯನ್ನು ಹೊರತಂದಾಗ ದೃಶ್ಯಕಾದಂಬರಿ ಎಂಬ ಹೆಸರನ್ನು ಬಳಸಿತು. ಮುಂದೆ ಇಡೀ ಪ್ರಕಾರಕ್ಕೆ ಅದೇ ಹೆಸರು ನಿಂತಿತು.

ಇನ್ನೊಂದು ಕವಲು ಓದಿನಿಂದಲ್ಲ, ಲೆಕ್ಕದಿಂದ ಹುಟ್ಟಿದ್ದು. ೧೯೯೪ರಲ್ಲಿ ಕೊನಾಮಿ ಸಂಸ್ಥೆಯು ಟೋಕಿಮೆಕಿ ಮೆಮೋರಿಯಲ್ ಎಂಬ ಆಟವನ್ನು ಪ್ರಕಟಿಸಿತು. ಅದರಲ್ಲಿ ಆಟಗಾರನು ಪ್ರೌಢಶಾಲೆಯ ಮೂರು ವರ್ಷಗಳನ್ನು ಕಳೆಯುವ ಒಬ್ಬ ಹುಡುಗ. ಓದು, ವ್ಯಾಯಾಮ, ಕಲೆ, ವೇಷಭೂಷಣ ಮುಂತಾದವುಗಳಲ್ಲಿ ಯಾವುದಕ್ಕೆ ಎಷ್ಟು ದಿನ ಎಂದು ಅವನು ನಿರ್ಧರಿಸಬೇಕು. ಅದರಂತೆ ಅವನ ಗುಣಗಳ ಅಂಕಗಳು ಏರಿಳಿಯುತ್ತವೆ. ಅಂಕಗಳನ್ನು ಕಂಡು ಹುಡುಗಿಯರು ಒಲಿಯುತ್ತಾರೆ. ಯಾರನ್ನಾದರೂ ಬಹುಕಾಲ ಅಲಕ್ಷಿಸಿದರೆ ಅವಳ ಅಸಮಾಧಾನವು ಬಾಂಬಿನಂತೆ ಸಿಡಿದು, ಉಳಿದ ಹುಡುಗಿಯರ ಮನಸ್ಸೂ ಕೆಡುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ಶಾಲೆ ಮುಗಿಯುವ ದಿನ ಒಂದು ಪ್ರಸಿದ್ಧ ಮರದ ಕೆಳಗೆ ಹುಡುಗಿಯು ತನ್ನ ಪ್ರೇಮವನ್ನು ತಾನೇ ತಿಳಿಸುತ್ತಾಳೆ.

ಅದೇ ೧೯೯೪ರಲ್ಲಿ ಕೋಯೆಯ್ ಸಂಸ್ಥೆಯು ಹೆಂಗಸರಿಗಾಗಿ ಆಂಜೆಲಿಕ್ ಎಂಬ ಆಟವನ್ನು ತಂದಿತು. ಅಲ್ಲಿ ನಾಯಿಕೆಯು ರಾಣಿಯ ಪಟ್ಟಕ್ಕೆ ಸ್ಪರ್ಧಿಸುವ ಒಬ್ಬ ಹುಡುಗಿ. ಒಂದು ಭೂಖಂಡವನ್ನು ಬೆಳೆಸುವುದು ಅವಳ ಪರೀಕ್ಷೆ. ಆ ಕೆಲಸದಲ್ಲಿ ನೆರವಾಗುವ ಪುರುಷರಲ್ಲಿ ಒಬ್ಬನಿಗೆ ಒಲಿದರೆ ಪಟ್ಟವನ್ನು ಬಿಡಬೇಕಾಗುತ್ತದೆ. ಈ ಎರಡು ಆಟಗಳನ್ನು ಕಟ್ಟಳೆಯ ಕವಲಿನ ಮುಖ್ಯ ನಿದರ್ಶನಗಳೆಂದು ನಾವು ತೆಗೆದುಕೊಳ್ಳಬಹುದು.

ಓದಿನ ಕವಲು ಮತ್ತೂ ಮುಂದೆ ಹೋಯಿತು. ೨೦೦೨ರಲ್ಲಿ ಪ್ರಕಟವಾಗತೊಡಗಿದ ಹಿಗುರಾಶಿ ಎಂಬ ರಹಸ್ಯಕಥೆಯಲ್ಲಿ ಆಯ್ಕೆಗಳೇ ಇರಲಿಲ್ಲ. ೨೦೦೪ರಲ್ಲಿ ಕೀ ಸಂಸ್ಥೆಯು ಪ್ಲಾನೆಟೇರಿಯನ್ ಎಂಬ ಕಿರುಕೃತಿಯನ್ನು ಆಯ್ಕೆಗಳಿಲ್ಲದ ಕಾದಂಬರಿಯೆಂದೇ ಪ್ರಕಟಿಸಿತು. ಹಾಳಾದ ನಗರವೊಂದರ ತಾರಾಲಯದಲ್ಲಿ ಬಾರದ ಪ್ರೇಕ್ಷಕರಿಗಾಗಿ ಕಾದು ನಿಂತ ಒಂದು ಯಂತ್ರಬಾಲೆಯ ಕಥೆ ಅದು. ಓದುಗನ ಬೆರಳಿಗೆ ಅಲ್ಲಿ ಪುಟ ತಿರುವುವುದಲ್ಲದೆ ಬೇರೆ ಕೆಲಸವಿಲ್ಲ.

೩

ಕಟ್ಟಳೆಯ ಪಕ್ಷದವರು ಹೇಳುವುದರಲ್ಲಿ ಸತ್ಯವಿಲ್ಲದಿಲ್ಲ. ಪ್ರಣಯವೆಂಬುದು ಬರಿಯ ಭಾವವಲ್ಲ, ಕಾಲವನ್ನು ಬೇಡುವ ಕೆಲಸವೂ ಹೌದು. ಯಾರಿಗಾಗಿ ಎಷ್ಟು ಹೊತ್ತನ್ನು ಕೊಟ್ಟೆವು, ಯಾರನ್ನು ಮರೆತೆವು ಎಂಬುದು ಅಲ್ಲಿ ಮುಖ್ಯ. ಟೋಕಿಮೆಕಿ ಮೆಮೋರಿಯಲಿನ ದಿನಚರಿಯ ಲೆಕ್ಕವು ಈ ಸಂಗತಿಯನ್ನು ಆಟಗಾರನ ಅನುಭವಕ್ಕೆ ತರುತ್ತದೆ. ಭಾನುವಾರ ಒಂದೇ, ಇಬ್ಬರಿಗೆ ಮಾತು ಕೊಡಲಾಗದು. ಕಾದಂಬರಿಯು ಇದನ್ನು ಹೇಳಬಲ್ಲುದು. ಆಟವು ಇದನ್ನು ಮಾಡಿಸಬಲ್ಲುದು.

ಆದರೆ ಇದೇ ಲೆಕ್ಕದಲ್ಲಿ ಒಂದು ದೋಷವೂ ಅಡಗಿದೆ. ಒಲವಿಗೆ ಅಂಕಗಳನ್ನು ಕಟ್ಟಿದೊಡನೆ ಒಲಿಯುವವಳು ಅಂಕಗಳಿಗೆ ಕಟ್ಟುಬೀಳುತ್ತಾಳೆ. ಇಷ್ಟು ಓದಿದರೆ, ಇಷ್ಟು ಕಾಣಿಕೆ ಕೊಟ್ಟರೆ, ಇಂಥ ಮಾತಾಡಿದರೆ ಅವಳು ಒಲಿಯಲೇಬೇಕು. ಒಲ್ಲೆನೆನ್ನುವ ಸ್ವಾತಂತ್ರ್ಯ ಅವಳಿಗೆ ಉಳಿಯುವುದಿಲ್ಲ. ಅವಳು ಒಲ್ಲೆನೆಂದರೆ ಆಟಗಾರನು ಲೆಕ್ಕ ತಪ್ಪಿದನೆಂದೇ ಅರ್ಥ. ಹೀಗೆ ಪ್ರಣಯವು ದುಡಿಮೆಗೆ ಸಲ್ಲುವ ಕೂಲಿಯಾಗುತ್ತದೆ. ಇದು ಕೇವಲ ಕಲಾದೋಷವಲ್ಲ. ಇಂದು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಮೊಬೈಲು ಇದೆ. ಇಂಥ ಆಟಗಳು ಅಲ್ಲಿಗೂ ಬಂದಿವೆ. ಮಾಡಿದ ಉಪಕಾರಕ್ಕೆ ಪ್ರತಿಯಾಗಿ ಒಲವು ಸಲ್ಲಬೇಕು ಎಂಬ ಎಣಿಕೆಯು ಬಾಳಿನಲ್ಲಿ ಎಂಥ ಅನರ್ಥಗಳಿಗೆ ಕಾರಣವಾಗುತ್ತದೆಂಬುದನ್ನು ಅಧ್ಯಾಪಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟಳೆಯ ಜೊತೆಗೆ ಬರುವ ಇನ್ನೊಂದು ಸೌಲಭ್ಯವನ್ನೂ ಇಲ್ಲಿ ಗಮನಿಸಬೇಕು. ಬಹುಪಾಲು ದೃಶ್ಯಕಾದಂಬರಿಗಳಲ್ಲಿ ಆಯ್ಕೆಯ ಮುನ್ನ ಕಥೆಯನ್ನು ಇದ್ದಂತೆಯೇ ಕಾಪಿಟ್ಟುಕೊಳ್ಳುವ, ಅಂದರೆ ಸೇವ್ ಮಾಡುವ, ಅನುಕೂಲವಿದೆ. ಮಾತು ತಪ್ಪಿದರೆ ಹಿಂದಕ್ಕೆ ಬಂದು ಬೇರೊಂದು ಮಾತನ್ನಾಡಬಹುದು. ಪಾಠಾಂತರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡುವ ಗ್ರಂಥಸಂಪಾದಕನಂತೆ ಓದುಗನು ಕಥೆಯ ಎಲ್ಲ ಕವಲುಗಳನ್ನೂ ಹೋಲಿಸಿ ನೋಡಬಹುದೆಂಬುದು ಇದರ ಲಾಭ. ಆಡಿದ ಮಾತಿಗೆ ಬೆಲೆಯಿಲ್ಲದಂತಾಗುವುದು ಇದರ ನಷ್ಟ.

೪

ಇನ್ನು ಶುದ್ಧವಾದ ಓದಿನ ಪಕ್ಷವನ್ನು ನೋಡೋಣ. ಓದುಗನ ಕೈಗೆ ಕೆಲಸವಿಲ್ಲದಿದ್ದರೆ ಅವನಿಗೆ ಕಥೆಯಲ್ಲಿ ಪಾಲೇ ಇಲ್ಲವೆಂದು ಆಟದ ಪಕ್ಷದವರು ಆಕ್ಷೇಪಿಸುತ್ತಾರೆ. ನಮ್ಮ ನಾಡಿನ ಪುರಾಣವಾಚನದ ಅನುಭವವು ಈ ಆಕ್ಷೇಪಕ್ಕೆ ಉತ್ತರವಾಗಿದೆ.

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಚಂದ್ರಹಾಸನ ಕಥೆಯನ್ನು ವಾಚಕರೆಲ್ಲರೂ ಬಲ್ಲರು. ದುಷ್ಟಬುದ್ಧಿಯು ತನ್ನ ಮಗನಿಗೆ ಬರೆದ ಓಲೆಯನ್ನು ಚಂದ್ರಹಾಸನು ತನ್ನ ಕೈಯಲ್ಲೇ ಹೊತ್ತು ತರುತ್ತಾನೆ. ಓಲೆ ತಂದವನಿಗೆ ವಿಷವನ್ನು ಕೊಡಬೇಕೆಂದು ಅದರಲ್ಲಿ ಬರೆದಿದೆ. ದಣಿದ ಚಂದ್ರಹಾಸನು ಊರ ಹೊರಗಿನ ಉದ್ಯಾನದಲ್ಲಿ ನಿದ್ರೆಹೋದಾಗ ದುಷ್ಟಬುದ್ಧಿಯ ಮಗಳು ವಿಷಯೆ ಅವನನ್ನು ಕಂಡು ಮೋಹಗೊಳ್ಳುತ್ತಾಳೆ. ಓಲೆಯನ್ನು ತೆಗೆದು ಓದುತ್ತಾಳೆ. ತಂದೆಯ ಬರವಣಿಗೆಯಲ್ಲಿ ಕೈತಪ್ಪಾಗಿದೆಯೆಂದು ಬಗೆದು, ಕಣ್ಣಿನ ಕಾಡಿಗೆಯಿಂದ ಅಕ್ಷರವನ್ನು ತಿದ್ದುತ್ತಾಳೆ. ವಿಷದ ಜಾಗದಲ್ಲಿ ವಿಷಯೆ ಬಂದು ನಿಲ್ಲುತ್ತಾಳೆ. ಮರಣದ ಓಲೆ ಮದುವೆಯ ಓಲೆಯಾಗುತ್ತದೆ.

ಈ ಕಥೆಯನ್ನು ನೂರು ಸಲ ಕೇಳಿದವರು ಕೂಡ ಆ ಘಳಿಗೆಯಲ್ಲಿ ಉಸಿರು ಬಿಗಿಹಿಡಿಯುತ್ತಾರೆ. ಅವರ ಕೈಗೆ ಅಲ್ಲಿ ಯಾವ ಕೆಲಸವೂ ಇಲ್ಲ. ಏನಾಗುವುದೆಂಬುದೂ ಅವರಿಗೆ ಗೊತ್ತಿದೆ. ಆದರೂ ಅವರ ಮನಸ್ಸು ವಿಷಯೆಯ ಬೆರಳಿನ ಜೊತೆಗಿರುತ್ತದೆ. ಆಯ್ಕೆಯನ್ನು ಮಾಡುವವಳು ಅವಳು, ಕೇಳುವವರಲ್ಲ ಎಂಬುದರಿಂದಲೇ ಅದರ ಬೆಲೆ ಹೆಚ್ಚುತ್ತದೆ. ಒಂದು ವೇಳೆ ಇಲ್ಲಿ ಕಥೆಯನ್ನು ನಿಲ್ಲಿಸಿ, ಅಕ್ಷರವನ್ನು ತಿದ್ದಬೇಕೆ ಬೇಡವೆ ಎಂದು ಓದುಗನನ್ನು ಕೇಳಿದ್ದರೆ ಏನಾಗುತ್ತಿತ್ತು? ವಿಷಯೆಯ ಸಾಹಸವು ಓದುಗನ ಜಾಣತನವಾಗಿ ಮಾರ್ಪಡುತ್ತಿತ್ತು. ಅವಳ ಒಲವು ಅವಳದಾಗಿ ಉಳಿಯುತ್ತಿರಲಿಲ್ಲ.

ಬದಲಿಸಲಾರದ್ದನ್ನು ಕಂಡು ಮರುಗುವುದು, ಬೇರೊಬ್ಬರ ಆಯ್ಕೆಗೆ ಮನಸ್ಸನ್ನು ಒಪ್ಪಿಸುವುದು ಓದಿನ ವಿಶೇಷ ಶಕ್ತಿ. ಪ್ಲಾನೆಟೇರಿಯನ್ನಿನಂಥ ಕೃತಿಯಲ್ಲಿ ಆಯ್ಕೆಗಳಿಲ್ಲದಿರುವುದು ಕೊರತೆಯಲ್ಲ. ಆ ಯಂತ್ರಬಾಲೆಯನ್ನು ಉಳಿಸಿಕೊಳ್ಳುವ ಗುಂಡಿಯೊಂದು ಪರದೆಯ ಮೇಲೆ ಇದ್ದಿದ್ದರೆ ಕಥೆ ಹಗುರವಾಗುತ್ತಿತ್ತು.

೫

ಹಾಗಾದರೆ ಪ್ರಣಯದಲ್ಲಿ ಆಟಕ್ಕೆ ಸ್ಥಾನವಿಲ್ಲವೆ? ಇಲ್ಲವೆಂದು ಹೇಳಲು ಮೇಲೆ ಹೆಸರಿಸಿದ ಐದು ತಾಲ್ಲೂಕುಗಳ ಜನ ಒಪ್ಪಲಾರರು.

ಅತ್ಯಂತ ಸಾಮಾನ್ಯವಾದ ನಿದರ್ಶನವನ್ನೇ ಮೊದಲು ತೆಗೆದುಕೊಳ್ಳೋಣ. ಮದುವೆಯಾಗಿ ಮನೆ ತುಂಬಲು ಬಂದ ಸೊಸೆಯನ್ನು ನಾದಿನಿಯರು ಬಾಗಿಲಲ್ಲಿ ಅಡ್ಡಗಟ್ಟಿ ಗಂಡನ ಹೆಸರನ್ನು ಹೇಳೆಂದು ಕೇಳುತ್ತಾರೆ. ಹೆಸರನ್ನು ನೇರವಾಗಿ ಹೇಳುವಂತಿಲ್ಲ; ಪ್ರಾಸಬದ್ಧವಾದ ಒಂದು ಒಡಪಿನಲ್ಲಿ ಅದನ್ನು ಹೆಣೆದು ಹೇಳಬೇಕು. ವರನಿಗೂ ಈ ಪರೀಕ್ಷೆ ತಪ್ಪಿದ್ದಲ್ಲ. ಇದೇ ಸೀಮೆಯ ಮರಾಠಿ ಮನೆಗಳಲ್ಲಿ ಇದಕ್ಕೆ ಉಖಾಣಾ ಎನ್ನುತ್ತಾರೆ. ಕನ್ನಡದಲ್ಲಿ ಒಡಪು ಎಂಬ ಮಾತು ಒಗಟಿಗೂ ಸಲ್ಲುತ್ತದೆಂಬುದು ಇಲ್ಲಿ ಗಮನಾರ್ಹ. ಆಟದ ಲಕ್ಷಣಗಳೆಲ್ಲ ಇದರಲ್ಲಿವೆ: ಅಡ್ಡಿಯಿದೆ, ನಿಯಮವಿದೆ, ತಪ್ಪಿದರೆ ನಗೆಪಾಟಲಿದೆ, ಗೆದ್ದರೆ ಬಾಗಿಲು ತೆರೆಯುತ್ತದೆ. ಕಲಿತು ಬಂದ ಹಳೆಯ ಒಡಪನ್ನು ಹೇಳಿದರೂ ನಡೆಯುತ್ತದೆ. ಆದರೆ ತಾನೇ ಕಟ್ಟಿ ಹೇಳಿದ ಒಡಪಿಗೆ ಸಿಗುವ ಮೆಚ್ಚುಗೆ ಬೇರೆ. ಈ ಕಟ್ಟಳೆಯು ಒಲವನ್ನು ಅಳೆಯುವುದಿಲ್ಲ. ಲಜ್ಜೆಯಿಂದ ಹೇಳಲಾರದ ಹೆಸರನ್ನು ಹೇಳಲು ಅದು ಒಂದು ದಾರಿಯನ್ನು ಮಾಡಿಕೊಡುತ್ತದೆ, ಅಷ್ಟೆ. ಆಟವು ಇಲ್ಲಿ ಭಾವಕ್ಕೆ ಸಹಾಯಕವಾಗಿದೆ.

ಎರಡನೆಯ ನಿದರ್ಶನವು ಗೀಗೀ ಪದಗಳ ಹರದೇಶಿ ನಾಗೇಶಿ ಸಂಪ್ರದಾಯ. ಜಾತ್ರೆ ಉತ್ಸವಗಳಲ್ಲಿ ಎರಡು ಮೇಳಗಳು ಎದುರುಬದುರಾಗಿ ನಿಂತು ದಪ್ಪು, ತುಂತುಣಿ, ತಾಳಗಳೊಡನೆ ರಾತ್ರಿಯೆಲ್ಲ ಹಾಡುತ್ತವೆ. ಹರದೇಶಿಯವರದು ಶಿವನ ಪಕ್ಷ, ಎಂದರೆ ಗಂಡು ಹೆಚ್ಚೆಂಬ ವಾದ. ನಾಗೇಶಿಯವರದು ಶಕ್ತಿಯ ಪಕ್ಷ, ಎಂದರೆ ಹೆಣ್ಣು ಹೆಚ್ಚೆಂಬ ವಾದ. ಇವಕ್ಕೆ ತುರಾಯಿ, ಕಲ್ಗಿ ಎಂಬ ಹೆಸರುಗಳೂ ಇವೆ. ಗಡಿಯಾಚೆಯ ಮರಾಠಿ ಲಾವಣಿಕಾರರಲ್ಲಿಯೂ ಇವೇ ಎರಡು ಪಕ್ಷಗಳುಂಟು. ಒಂದು ಮೇಳ ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಂದು ಹಾಡಿನಲ್ಲಿಯೇ ಜವಾಬು ಕೊಡಬೇಕು. ಪುರಾಣದ ಒಗಟು, ಸಂಸಾರದ ಕಷ್ಟ, ಶೃಂಗಾರ, ಕುಚೋದ್ಯ ಎಲ್ಲವೂ ಅಲ್ಲಿ ಬರುತ್ತವೆ. ನಾಗೇಶಿ ಪಕ್ಷದಲ್ಲಿ ಹೆಂಗಸರೇ ಮುಂದೆ ನಿಂತು ಹಾಡುವುದು ರೂಢಿ.

ಹರದೇಶಿ ನಾಗೇಶಿಯನ್ನು ಪ್ರಣಯಕಥೆಯೆಂದು ಕರೆಯುವುದು ಅತಿಶಯೋಕ್ತಿಯಾದೀತು, ಅದು ವಾದ. ಆದರೆ ಗಂಡುಹೆಣ್ಣುಗಳ ಸಂಬಂಧವನ್ನು ಆಟವಾಗಿ ಕಟ್ಟುವ ಬಗೆಯಲ್ಲಿ ಅದರಿಂದ ಕಲಿಯಬೇಕಾದ ಒಂದು ಸಂಗತಿಯಿದೆ. ಟೋಕಿಮೆಕಿ ಮೆಮೋರಿಯಲಿನಲ್ಲಿ ಆಡುವವನು ಒಬ್ಬ, ಗೆಲ್ಲಲ್ಪಡುವವರು ಉಳಿದವರು. ಇಲ್ಲಿ ಇಬ್ಬರೂ ಆಡುವವರೇ. ಹೆಣ್ಣು ಗೆಲ್ಲಬೇಕಾದ ವಸ್ತುವಲ್ಲ. ಪ್ರಶ್ನೆ ಹಾಕುವ, ಉತ್ತರವನ್ನು ಒಪ್ಪದೆ ತಿರುಗಿಸುವ, ಎದುರಾಳಿಯನ್ನು ಸುಮ್ಮನಾಗಿಸುವ ಒಂದು ಪಕ್ಷ. ಆಡಿದ ಮಾತನ್ನು ಸೇವ್ ಮಾಡಿ ಹಿಂದೆಗೆಯುವ ಅನುಕೂಲವೂ ಅಲ್ಲಿಲ್ಲ. ಜವಾಬು ತಡವಾದರೆ ನೆರೆದ ಜನವೇ ಸಾಕ್ಷಿ. ಬೆಳಗಿನ ಜಾವ ಮಂಗಳ ಹಾಡಿದಾಗ ಯಾರು ಗೆದ್ದರೆಂಬುದಕ್ಕಿಂತ ಎಂಥ ಮಾತು ನಡೆಯಿತೆಂಬುದೇ ಜನರ ನೆನಪಿನಲ್ಲಿ ಉಳಿಯುತ್ತದೆ.

೬

ಮೂರನೆಯ ನಿದರ್ಶನವು ನಮ್ಮ ವಿಚಾರಕ್ಕೆ ಅತಿ ಸಮೀಪವಾದುದು: ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣ ಇವರ ಹೆಸರಿನೊಡನೆ ಬೆಸೆದುಕೊಂಡಿರುವ ಈ ಸಣ್ಣಾಟವು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಬಹು ಜನಪ್ರಿಯವಾದುದು. ಕುಲಗೋಡವು ಗೋಕಾಕ ಸೀಮೆಯ ಊರು. ರಾಯಬಾಗ, ಚಿಕ್ಕೋಡಿಗಳಿಗೆ ದೂರವಲ್ಲ. ಅದೇ ಸೀಮೆಯ ಕೌಜಲಗಿ ನಿಂಗಮ್ಮನವರು ಈ ಆಟದ ಕಲಾವಿದೆಯಾಗಿ ಹೆಸರಾದವರು.

ಕಥೆ ಸಣ್ಣದು. ನಾರದನು ದೇವಲೋಕದಿಂದ ತಂದ ಒಂದೇ ಒಂದು ಪಾರಿಜಾತದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಡುತ್ತಾನೆ. ಅದನ್ನು ತಿಳಿದ ಸತ್ಯಭಾಮೆ ಮುನಿದು ಮಾತು ಬಿಡುತ್ತಾಳೆ. ಅವಳನ್ನು ಸಮಾಧಾನಪಡಿಸುವುದೇ ಆಟದ ಜೀವಾಳ. ಹಾಡುಗಳು ಗೊತ್ತಾದವು, ಅವುಗಳನ್ನು ಮುರಿಯುವಂತಿಲ್ಲ. ಹಾಡುಗಳ ನಡುವಿನ ಮಾತನ್ನು ಪಾತ್ರಧಾರಿಗಳೂ ಭಾಗವತನೂ ಆ ರಾತ್ರಿಯ ಜನಕ್ಕೆ, ಆ ರಾತ್ರಿಯ ಹದಕ್ಕೆ ತಕ್ಕಂತೆ ಕಟ್ಟಿಕೊಳ್ಳುತ್ತಾರೆ. ಎಂದರೆ ಓದಿನ ಅಂಶವೂ ಆಟದ ಅಂಶವೂ ಇಲ್ಲಿ ಒಂದೇ ರಂಗದ ಮೇಲೆ, ಒಂದರ ಸೀಮೆಯನ್ನು ಇನ್ನೊಂದು ಬಲ್ಲದ್ದಾಗಿ, ಕೂಡಿಕೊಂಡಿವೆ.

ಈ ಪಾರಿಜಾತವನ್ನೇ ದೃಶ್ಯಕಾದಂಬರಿಯಾಗಿ ರಚಿಸುವುದಾದರೆ ಆಯ್ಕೆಯನ್ನು ಎಲ್ಲಿ ಇಡಬೇಕು? ಹೂವನ್ನು ಯಾರಿಗೆ ಕೊಡುವೆ ಎಂಬ ಪ್ರಶ್ನೆಯನ್ನು ಆಟಗಾರನ ಮುಂದಿಡುವುದು ಮೊದಲಿಗೆ ಯಾರಿಗಾದರೂ ಹೊಳೆಯುವ ಯುಕ್ತಿ. ಆದರೆ ಹಾಗೆ ಮಾಡಿದರೆ ಕೃತಿ ಕೆಡುತ್ತದೆ. ಕಥೆ ಬಲ್ಲ ಆಟಗಾರನು ಭಾಮೆಗೇ ಹೂವನ್ನು ಕೊಟ್ಟಾನು. ಆಗ ಮುನಿಸೂ ಇಲ್ಲ, ಆಟವೂ ಇಲ್ಲ. ರುಕ್ಮಿಣಿಗೆ ಕೊಟ್ಟು ತಪ್ಪನ್ನರಿತವನು ಹಿಂದಕ್ಕೆ ಬಂದು ತಿದ್ದಿಕೊಂಡಾನು. ಕೊಟ್ಟ ಹೂವನ್ನು ಮರಳಿ ಪಡೆಯಲಾಗದೆಂಬುದೇ ಈ ಕಥೆಯ ಅಡಿಗಲ್ಲು. ಆದುದರಿಂದ ಹೂವು ಕೊಡುವ ಸನ್ನಿವೇಶವು ಓದಾಗಿಯೇ ಉಳಿಯಬೇಕು.

ಆಟಕ್ಕೆ ಎಡೆಯಿರುವುದು ಅನಂತರ, ಭಾಮೆಯ ಮುಚ್ಚಿದ ಬಾಗಿಲಿನ ಮುಂದೆ. ಮಾನವತಿಯ ಮುನಿಸನ್ನು ಕಳೆಯಲು ಆರು ಉಪಾಯಗಳನ್ನು ಧನಂಜಯನು ದಶರೂಪಕದಲ್ಲಿ ಹೇಳಿದ್ದಾನೆ: ಸಾಮ, ಭೇದ, ದಾನ, ನತಿ, ಉಪೇಕ್ಷೆ, ರಸಾಂತರ. ಇನಿಮಾತು ಸಾಮ, ಸಖಿಯರನ್ನು ಒಲಿಸಿಕೊಳ್ಳುವುದು ಭೇದ, ಆಭರಣಾದಿಗಳನ್ನು ಕೊಡುವುದು ದಾನ, ಕಾಲಿಗೆ ಬೀಳುವುದು ನತಿ, ಇವು ಫಲಿಸದಿದ್ದಾಗ ಸುಮ್ಮನಿರುವುದು ಉಪೇಕ್ಷೆ, ಭಯ ಹರ್ಷಾದಿಗಳಿಂದ ಮನಸ್ಸು ಬೇರೆಡೆಗೆ ಹರಿಯುವುದು ರಸಾಂತರ. ದೃಶ್ಯಕಾದಂಬರಿಯ ಆಯ್ಕೆಯ ಪಟ್ಟಿಗೆ ಇದಕ್ಕಿಂತ ಒಪ್ಪವಾದ ಮಾದರಿ ಸಿಗಲಾರದು.

ಆದರೆ ಈ ಆರಕ್ಕೂ ಅಂಕಗಳನ್ನು ಕಟ್ಟುವುದು ಅವಿವೇಕ. ದಾನಕ್ಕೆ ಹತ್ತು, ನತಿಗೆ ಇಪ್ಪತ್ತು ಎಂದು ಗೊತ್ತುಮಾಡಿದರೆ ಭಾಮೆ ಮತ್ತೆ ತಕ್ಕಡಿಯಾಗುತ್ತಾಳೆ. ಅವಳ ಮುನಿಸಿಗೆ ಕಾರಣವೇ ಒಂದು ದಾನ. ಅದೇ ಬಗೆಯ ಇನ್ನೊಂದು ಹೂವನ್ನು ತಂದುಕೊಟ್ಟರೆ ಅದು ಎರಡನೆಯ ಹೂವಾಗುತ್ತದೆಯೇ ಹೊರತು ಮೊದಲನೆಯದರ ನೋವನ್ನು ಅಳಿಸುವುದಿಲ್ಲ. ಕೊನೆಗೆ ಕೃಷ್ಣನು ಪಾರಿಜಾತದ ವೃಕ್ಷವನ್ನೇ ತಂದು ಅವಳ ಅಂಗಳದಲ್ಲಿ ನೆಟ್ಟನೆಂದೂ, ಹೂವುಗಳು ಮಾತ್ರ ರುಕ್ಮಿಣಿಯ ಅಂಗಳದಲ್ಲಿ ಉದುರಿದವೆಂದೂ ಜನ ಹೇಳುತ್ತಾರೆ. ಲೆಕ್ಕ ಮುಗಿಯಿತೆನ್ನುವ ಆಟಗಾರನಿಗೆ ಜನಪದವು ಕೊಟ್ಟ ಉತ್ತರವಿದು.

ಆದುದರಿಂದ ಇಲ್ಲಿ ಬೇಕಾದ ಕಟ್ಟಳೆಯು ಅಂಕಗಳದ್ದಲ್ಲ, ಕೇಳಿಸಿಕೊಳ್ಳುವುದರದ್ದು. ಭಾಮೆಯ ಮಾತಿನಲ್ಲಿ ಯಾವುದು ಕೋಪ, ಯಾವುದು ನೋವು, ಯಾವುದು ಪರೀಕ್ಷೆ ಎಂದು ತಿಳಿದು ಮಾತಾಡಿದವನಿಗೆ ಬಾಗಿಲು ಸ್ವಲ್ಪ ಸಡಿಲಬೇಕು. ಅವಳೂ ಎದುರುಪ್ರಶ್ನೆ ಕೇಳಬೇಕು. ಯಾವ ಉಪಾಯಕ್ಕೂ ಮಣಿಯದೆ ಅವಳು ತಾನಾಗಿ ಬಾಗಿಲು ತೆರೆಯುವ, ಅಥವಾ ತೆರೆಯದಿರುವ ಸಾಧ್ಯತೆಯೂ ಉಳಿದಿರಬೇಕು. ಪಾರಿಜಾತದ ಒಳ್ಳೆಯ ಪಾತ್ರಧಾರಿಗಳು ರಂಗದ ಮೇಲೆ ಮಾಡುವುದು ಇದನ್ನೇ.

೭

ನಾವು ಇಲ್ಲಿ ಹೇಳಿದ ಬಗೆಯ ಕಟ್ಟಳೆಯು ಕೇವಲ ಊಹೆಯಲ್ಲ. ೨೦೧೮ರಲ್ಲಿ ಆಸ್ಟ್ರೇಲಿಯದ ಮೌಂಟನ್ಸ್ ಎಂಬ ಸಣ್ಣ ತಂಡವು ಫ್ಲಾರೆನ್ಸ್ ಎಂಬ ಕೃತಿಯನ್ನು ಪ್ರಕಟಿಸಿತು. ಫ್ಲಾರೆನ್ಸ್ ಎಂಬ ಯುವತಿಯೂ ಕ್ರಿಶ್ ಎಂಬ ಭಾರತೀಯ ಮೂಲದ ವಾದ್ಯಗಾರನೂ ಪ್ರೀತಿಸಿ, ಕೂಡಿ ಬಾಳಿ, ಅಗಲುವ ಕಥೆ ಅದರಲ್ಲಿದೆ. ಮಾತು ಬಹಳ ಕಡಿಮೆ. ಮೊದಲ ಭೇಟಿಯಲ್ಲಿ ಆಡುವ ಒಂದೊಂದು ಮಾತಿಗೂ ಆಟಗಾರನು ಹಲವು ತುಣುಕುಗಳನ್ನು ಜೋಡಿಸಬೇಕು. ಪರಿಚಯ ಬೆಳೆದಂತೆ ತುಣುಕುಗಳ ಸಂಖ್ಯೆ ಇಳಿಯುತ್ತದೆ, ಮಾತು ಸಲೀಸಾಗುತ್ತದೆ. ಮುಂದೆ ಜಗಳವಾದಾಗ ತುಣುಕುಗಳ ಅಂಚು ಚೂಪಾಗುತ್ತದೆ, ಅವು ಬೇಗ ಬೇಗ ಕೂಡಿಕೊಳ್ಳುತ್ತವೆ. ಕಠಿಣವಾದ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆಂಬುದನ್ನು ಬೆರಳೇ ಅರಿಯುತ್ತದೆ. ಇಲ್ಲಿ ಅಂಕಗಳಿಲ್ಲ, ಗೆಲವಿಲ್ಲ, ಅಗಲಿಕೆಯನ್ನು ತಪ್ಪಿಸುವ ಆಯ್ಕೆಯೂ ಇಲ್ಲ. ಕಟ್ಟಳೆಯು ಅರ್ಥವನ್ನೇ ಹೊತ್ತಿದೆ.

೨೦೧೭ರ ಡೋಕಿ ಡೋಕಿ ಲಿಟರೇಚರ್ ಕ್ಲಬ್ ಎಂಬ ಅಮೆರಿಕದ ಕೃತಿಯು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದು ಅದೇ ಸತ್ಯವನ್ನು ತೋರಿಸಿತು. ಅದರಲ್ಲಿ ಆಟಗಾರನು ಇಪ್ಪತ್ತು ಪದಗಳನ್ನು ಆರಿಸಿ ಕವಿತೆ ಕಟ್ಟಬೇಕು. ಯಾವ ಪದ ಯಾವ ಹುಡುಗಿಗೆ ಮೆಚ್ಚುಗೆಯೋ ಅದರಂತೆ ಅವಳು ಹತ್ತಿರವಾಗುತ್ತಾಳೆ. ಹೀಗೆ ಲೆಕ್ಕದ ಆಟವಾಗಿ ಆರಂಭವಾದ ಕಥೆಯು ಮುಂದೆ ಆ ಲೆಕ್ಕವನ್ನೇ ಒಡೆಯುತ್ತದೆ. ಸೇವ್ ಮಾಡಿಟ್ಟುದನ್ನೂ ಉಳಿಯಗೊಡುವುದಿಲ್ಲ. ಲೆಕ್ಕದ ಒಲವಿನಲ್ಲಿ ಅಡಗಿರುವ ಕ್ರೌರ್ಯವನ್ನು ಅದು ಬಯಲಿಗಿಡುತ್ತದೆ. ಆತ್ಮಹತ್ಯೆಯಂಥ ಘೋರ ಪ್ರಸಂಗಗಳು ಅದರಲ್ಲಿರುವುದರಿಂದ ತರಗತಿಯಲ್ಲಿ ಬಳಸುವವರು ಮೊದಲು ತಾವೇ ನೋಡಿ, ವಿದ್ಯಾರ್ಥಿಗಳಿಗೆ ಮುನ್ಸೂಚನೆ ಕೊಡುವುದು ಅಗತ್ಯ.

೮

ಈವರೆಗಿನ ವಿಚಾರದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪ್ರಣಯಕಥನಕ್ಕೆ ಆಟ ಬೇಕೋ ಓದು ಬೇಕೋ ಎಂಬ ಪ್ರಶ್ನೆಯನ್ನು ಹಾಗೆ ಕೇಳುವುದೇ ಸರಿಯಲ್ಲ. ಬದಲಿಸಲಾಗದ್ದು ಎಲ್ಲಿದೆಯೋ ಅಲ್ಲಿ ಓದು ಸಲ್ಲುತ್ತದೆ. ಪಾತ್ರವೊಂದರ ಸ್ವಂತ ನಿರ್ಧಾರವನ್ನು ಗೌರವಿಸಬೇಕಾದಲ್ಲಿಯೂ ಓದೇ ಸಲ್ಲುತ್ತದೆ. ಕೇಳಿಸಿಕೊಳ್ಳುವುದು, ಮಾತು ಹುಡುಕುವುದು, ಹೊತ್ತು ಕೊಡುವುದು ಎಲ್ಲಿ ಮುಖ್ಯವೋ ಅಲ್ಲಿ ಆಟ ಸಲ್ಲುತ್ತದೆ. ಯಾವುದೇ ಕಟ್ಟಳೆಯನ್ನು ಪರೀಕ್ಷಿಸಲು ಮೂರು ಪ್ರಶ್ನೆಗಳು ಸಾಕು. ಕೈಯ ಕೆಲಸಕ್ಕೂ ಕಥೆಯ ಅರ್ಥಕ್ಕೂ ಸಂಬಂಧವಿದೆಯೆ? ಆಡಿದ ಮಾತಿಗೆ ಬೆಲೆ ತೆರಬೇಕಾಗುತ್ತದೆಯೆ? ಒಲಿಯುವವರಿಗೆ ಒಲ್ಲೆನೆನ್ನುವ ಅಧಿಕಾರ ಉಳಿದಿದೆಯೆ? ಒಡಪು, ಹರದೇಶಿ ನಾಗೇಶಿ, ಪಾರಿಜಾತಗಳು ಈ ಮೂರಕ್ಕೂ ತಮ್ಮ ತಮ್ಮ ಬಗೆಯಲ್ಲಿ ಹೌದೆಂದು ಉತ್ತರ ಕೊಡುತ್ತವೆ. ಅಂಕಗಳ ಆಟಗಳಲ್ಲಿ ಹಲವು ಮೂರನೆಯದಕ್ಕೆ ಉತ್ತರಿಸಲಾರವು.

ಅಭ್ಯಾಸಿಗಳಿಗೆ ಇದರಿಂದ ಎರಡು ಕೆಲಸಗಳು ತೋರುತ್ತವೆ. ಮೊದಲನೆಯದು, ಪಾರಿಜಾತದ ಹಾಡುಗಳಷ್ಟೇ ಅಲ್ಲದೆ ಹಾಡುಗಳ ನಡುವಿನ ಮಾತನ್ನೂ, ಸವಾಲು ಜವಾಬುಗಳನ್ನೂ, ಮನೆಮನೆಯ ಒಡಪುಗಳನ್ನೂ ಧ್ವನಿಮುದ್ರಿಸಿ ಸಂಗ್ರಹಿಸುವುದು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಗರತಿಯ ಹಾಡು ಎಂಬ ಸಂಕಲನವನ್ನು ಪ್ರಕಟಿಸಿ ಹಾಡಿನ ಸಂಗ್ರಹಕ್ಕೆ ದಾರಿ ತೋರಿದರು. ಆ ಕ್ಷಣಕ್ಕೆ ಹುಟ್ಟಿ ಆ ಕ್ಷಣಕ್ಕೆ ಕಳೆಯುವ ಮಾತು ಪುಸ್ತಕಕ್ಕೆ ಸುಲಭವಾಗಿ ಒಗ್ಗುವುದಲ್ಲ. ಆಟದ ಅಂಶವಿರುವುದು ಅದರಲ್ಲಿಯೇ. ಕನ್ನಡ ಮರಾಠಿಗಳ ನಡುವೆ ಓಡಾಡುವ ಗಡಿಸೀಮೆಯ ಮಾತಾದುದರಿಂದ ಎರಡೂ ಭಾಷೆಗಳನ್ನು ಬಲ್ಲ ವಿದ್ಯಾರ್ಥಿಗಳು ಇದಕ್ಕೆ ತಕ್ಕವರು.

ಎರಡನೆಯದು, ರಚನೆ. ೨೦೦೪ರಿಂದ ಬಳಕೆಯಲ್ಲಿರುವ ರೆನ್‌ಪೈ ಎಂಬ ಸಾಧನವು ಉಚಿತವಾಗಿ ದೊರೆಯುತ್ತದೆ. ಸ್ವಲ್ಪ ಅಭ್ಯಾಸ ಮಾಡಿದ ವಿದ್ಯಾರ್ಥಿಯು ಅದರಿಂದ ಕಿರಿದಾದ ದೃಶ್ಯಕಾದಂಬರಿಯನ್ನು ತಾನೇ ಕಟ್ಟಬಲ್ಲನು. ಭಾಮೆಯ ಬಾಗಿಲಿನ ಒಂದು ಪ್ರಸಂಗವನ್ನಷ್ಟೇ ತೆಗೆದುಕೊಂಡು, ಆರು ಉಪಾಯಗಳನ್ನೂ ಮುಂದಿಟ್ಟು, ಅಂಕಗಳಿಲ್ಲದೆ ಅದನ್ನು ರಚಿಸಲು ಪ್ರಯತ್ನಿಸಿದರೆ ಅಲಂಕಾರಶಾಸ್ತ್ರದ ಒಂದು ಅಧ್ಯಾಯವು ಪಾಠದಲ್ಲಿ ತಿಳಿಯದಷ್ಟು ಚೆನ್ನಾಗಿ ತಿಳಿಯುತ್ತದೆ. ಭಾಮೆಗೆ ಯಾವ ಮಾತು ಕೊಡಬೇಕೆಂದು ಯೋಚಿಸುವಾಗಲೇ ರಚಿಸುವವನು ಅವಳ ಪಕ್ಷದಲ್ಲಿ ನಿಂತು ಕೇಳಬೇಕಾಗುತ್ತದೆ. ಈ ಅಭ್ಯಾಸದ ಮುಖ್ಯ ಫಲ ಅದೇ ಎಂದು ನಾವು ಭಾವಿಸುತ್ತೇವೆ.